ಹಾಡು ಎಲ್ಲಿ ನಿಲ್ಲುತ್ತದೆ ಎಂದು ಮೊದಲು ನೋಡಿ: 1.4 ಲಕ್ಷ ಹಾಡುಗಳ ಮನೆಸಂಗ್ರಹದ ರಿಪೇರಿ

ಪ್ರಶ್ನೆ: ನನ್ನ ಬಳಿ ಸುಮಾರು 1,40,000 ಹಾಡುಗಳಿವೆ. ಬಹುಪಾಲು ಸಿಡಿಗಳಿಂದ ತೆಗೆದ ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ) ಫೈಲ್‌ಗಳು, ಉಳಿದವು ಹಳೆಯ ಎಂಪಿ3, ಜೊತೆಗೆ ಒಂದಿಷ್ಟು 24 ಬಿಟ್ ಆಲ್ಬಂಗಳು. ಒಟ್ಟು 4.2 ಟಿಬಿ. ಎಲ್ಲವೂ 5 ಟಿಬಿಯ ಒಂದು ಪೋರ್ಟಬಲ್ ಡಿಸ್ಕ್‌ನಲ್ಲಿವೆ. ಅದನ್ನು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್‌ಗೆ ಸಿಕ್ಕಿಸಿ, ಮನೆಯ ಪ್ಲೇಯರ್‌ಗಳಿಗೆ ಹಾಡು ಕಳಿಸುವ ಲಿರಿಯನ್ ಮ್ಯೂಸಿಕ್ ಸರ್ವರ್ ತಂತ್ರಾಂಶ ಓಡಿಸುತ್ತಿದ್ದೇನೆ. ಪೈಗೆ ಕರೆಂಟು ಹಳೆಯ ಮೊಬೈಲ್ ಚಾರ್ಜರ್‌ನಿಂದ. ಹಾಲ್, ಮಲಗುವ ಕೋಣೆ, ಅಡುಗೆಮನೆ ಮೂರೂ ಕಡೆ ಸರ್ವರ್‌ನಿಂದ ಹಾಡು ಪಡೆದು ನುಡಿಸುವ ಸ್ಕ್ವೀಝ್‌ಲೈಟ್ ಪ್ಲೇಯರ್‌ಗಳಿವೆ. ಪೈ ಸೇರಿ ಎಲ್ಲವೂ ವೈಫೈಯಲ್ಲೇ. ವಾರಕ್ಕೊಂದೆರಡು ಸಲ ಇಡೀ ಸಂಗ್ರಹವೇ ಮಾಯವಾಗುತ್ತದೆ, ಪೈ ಆಫ್ ಮಾಡಿ ಆನ್ ಮಾಡಿದರೆ ಬರುತ್ತದೆ. ಬೆಳಿಗ್ಗೆ ಮೊದಲ ಹಾಡು ಶುರುವಾಗಲು ಹತ್ತು ಹನ್ನೆರಡು ಸೆಕೆಂಡು ಬೇಕು. ಮಲಗುವ ಕೋಣೆಯಲ್ಲಿ 24 ಬಿಟ್ ಆಲ್ಬಂಗಳು ತುಂಡು ತುಂಡಾಗಿ ಕೇಳುತ್ತವೆ. ಕೆಲವು ಹಾಡುಗಳು ಅರ್ಧಕ್ಕೇ ಮುಂದಿನದಕ್ಕೆ ಹಾರುತ್ತವೆ. ಹೊಸ ಆಲ್ಬಂ ಸೇರಿಸಿ ಸ್ಕ್ಯಾನ್ ಕೊಟ್ಟರೆ ರಾತ್ರಿಯಿಡೀ ಓಡುತ್ತದೆ, ಆಗ ಯಾವುದೂ ನೆಟ್ಟಗೆ ಹಾಡುವುದಿಲ್ಲ. ಹಳೆಯ ಮ್ಯಾಕ್‌ನಲ್ಲಿ ಮಾಡಿಟ್ಟ ಕನ್ನಡ ಹೆಸರಿನ ಪ್ಲೇಲಿಸ್ಟ್‌ಗಳು ಕಾಣುತ್ತವೆ, ಆದರೆ ಅರ್ಧಕ್ಕರ್ಧ ಹಾಡುಗಳು ಬರುವುದಿಲ್ಲ. ಸಂಗ್ರಹ ಅತಿಯಾಯಿತೇ? ಎನ್‌ಎಎಸ್ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಕೊಳ್ಳಬೇಕೇ?

ಉತ್ತರ: ಎನ್‌ಎಎಸ್ ಈಗಲೇ ಬೇಡ. ಕೊಂಡರೂ ನೀವು ಬರೆದ ಆರು ತೊಂದರೆಗಳಲ್ಲಿ ಮೂರು ಹಾಗೇ ಉಳಿಯುತ್ತವೆ.

ಸಂಗ್ರಹ ದೊಡ್ಡದಾದದ್ದಕ್ಕೆ ಹಾಡು ತಡವರಿಸುವುದಿಲ್ಲ. ಹಾಡುವಾಗ ಸರ್ವರ್ ತೆರೆದಿರುವುದು ಒಂದು ಕೋಣೆಗೆ ಒಂದೇ ಫೈಲ್. ಸಿಡಿ ಗುಣಮಟ್ಟದ ಧ್ವನಿ, ಅಂದರೆ 44.1 ಕಿಲೋಹರ್ಟ್ಸ್, 16 ಬಿಟ್, ಎರಡು ಚಾನೆಲ್, ಸೆಕೆಂಡಿಗೆ 1,411 ಕಿಲೋಬಿಟ್. ಫ್ಲ್ಯಾಕ್ ಅದನ್ನು ಸಾಮಾನ್ಯವಾಗಿ 700ರಿಂದ 1,000ಕ್ಕೆ ಇಳಿಸುತ್ತದೆ. ಬೈಟ್ ಲೆಕ್ಕದಲ್ಲಿ ಸೆಕೆಂಡಿಗೆ ನೂರು ಚಿಲ್ಲರೆ ಕಿಲೋಬೈಟ್. ನಿಮ್ಮ ಡಿಸ್ಕ್ ಸೆಕೆಂಡಿಗೆ ನೂರು ಮೆಗಾಬೈಟ್ ಹತ್ತಿರ ಕೊಡಬಲ್ಲದು. ಅತಿ ಭಾರದ 24 ಬಿಟ್, 192 ಕಿಲೋಹರ್ಟ್ಸ್ ಫೈಲ್ ಕೂಡ ಕುಗ್ಗಿಸದೆ 9,216 ಕಿಲೋಬಿಟ್ ಅಷ್ಟೆ. ಆದ್ದರಿಂದ ಡಿಸ್ಕ್ ನಿಧಾನ, ಪೈಗೆ ತಾಕತ್ತಿಲ್ಲ ಎಂಬ ಅನುಮಾನ ಬಿಟ್ಟುಬಿಡಿ. ಸಂಖ್ಯೆ ಕಾಡುವುದು ಬೇರೆ ಕಡೆ: ಸ್ಕ್ಯಾನ್ ಮಾಡುವಾಗ, ಪಟ್ಟಿ ತೆರೆಯುವಾಗ, ಮತ್ತು ಕೆಟ್ಟ ಫೈಲ್‌ಗಳ ವಿಚಾರದಲ್ಲಿ. ಸಾವಿರಕ್ಕೆ ಒಂದು ಕೆಟ್ಟಿದ್ದರೂ ನಿಮ್ಮಲ್ಲಿ 140 ಹಾಡು ಕೆಟ್ಟಿರುತ್ತವೆ. 2,000 ಹಾಡು ಇಟ್ಟುಕೊಂಡವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಯಾವ ಸೆಟ್ಟಿಂಗ್ ಮುಟ್ಟುವ ಮೊದಲೂ ಒಂದು ವಾರ ಚೀಟಿಯಲ್ಲಿ ಬರೆದಿಡಿ: ಯಾವ ಹಾಡು, ಯಾವ ಕೋಣೆ, ಎಷ್ಟನೇ ನಿಮಿಷ ಎಷ್ಟನೇ ಸೆಕೆಂಡು. ಆಮೇಲೆ ಅದೇ ಹಾಡನ್ನು ಇನ್ನೊಮ್ಮೆ ಹಾಕಿ. ಅದೇ ಜಾಗದಲ್ಲಿ ಮತ್ತೆ ನಿಂತರೆ ತಪ್ಪು ಫೈಲ್‌ನದು. ಬೇರೆ ಜಾಗದಲ್ಲಿ ನಿಂತರೆ ಅಥವಾ ನಿಲ್ಲದೇ ಹೋದರೆ ತಪ್ಪು ದಾರಿಯದು, ಅಂದರೆ ಕರೆಂಟು, ಕೇಬಲ್ ಅಥವಾ ವೈಫೈ. ಶುರುವಿನಲ್ಲಿ ಮಾತ್ರ ತಡವಾದರೆ ಡಿಸ್ಕ್ ನಿದ್ದೆಯಲ್ಲಿತ್ತು. ಮೂರೂ ಕೋಣೆಯಲ್ಲಿ ಒಟ್ಟಿಗೆ ನಿಂತರೆ ಪೈ ಕಡೆ ನೋಡಿ, ಒಂದೇ ಕೋಣೆಯಾದರೆ ಆ ಪ್ಲೇಯರ್ ಕಡೆ. ಈ ಪರೀಕ್ಷೆ ಮಾಡುವಾಗ ಪ್ಲೇಯರ್‌ಗಳ ಸಿಂಕ್ (ಎಲ್ಲ ಕೋಣೆಗಳಲ್ಲೂ ಒಂದೇ ಹಾಡನ್ನು ಒಟ್ಟಿಗೆ ಓಡಿಸುವುದು) ಬಿಡಿಸಿರಬೇಕು. ಸಿಂಕ್‌ನಲ್ಲಿದ್ದರೆ ಅತಿ ದುರ್ಬಲ ವೈಫೈ ಇರುವ ಪ್ಲೇಯರ್ ಉಳಿದೆರಡನ್ನೂ ತನ್ನ ಜೊತೆ ನಿಲ್ಲಿಸುತ್ತದೆ, ಗುರುತು ತಪ್ಪಿಹೋಗುತ್ತದೆ.

ಮಾಯವಾಗುವ ಸಂಗ್ರಹ

ಮೊದಲು ಇದನ್ನೇ ಹಿಡಿಯಿರಿ, ಏಕೆಂದರೆ ಇದು ಸರಿಹೋಗದೆ ಉಳಿದ ಪರೀಕ್ಷೆಗಳ ಫಲಿತಾಂಶವನ್ನು ನಂಬುವಂತಿಲ್ಲ. ನಿಮ್ಮ ಮೊಬೈಲ್ ಚಾರ್ಜರ್ ಮೇಲೆ ಬಲವಾದ ಅನುಮಾನ. ಪೈ 4ಕ್ಕೆ ಬೇಕಾದದ್ದು 5.1 ವೋಲ್ಟ್, 3 ಆಂಪಿಯರ್. ವೇಗದ ಚಾರ್ಜರ್ ಮೇಲೆ 33 ವ್ಯಾಟ್, 65 ವ್ಯಾಟ್ ಎಂದು ಬರೆದಿರುವುದು ಫೋನಿನ ಜೊತೆ ಮಾತುಕತೆ ಆಡಿ ವೋಲ್ಟೇಜ್ ಏರಿಸಿದಾಗಿನ ಲೆಕ್ಕ. ಪೈ ಆ ಮಾತುಕತೆ ಆಡುವುದಿಲ್ಲ, ಅದಕ್ಕೆ ಸಿಗುವುದು 5 ವೋಲ್ಟ್ ಮಾತ್ರ. ಚಾರ್ಜರ್ ಮೇಲಿನ ಸಣ್ಣಕ್ಷರದಲ್ಲಿ 5 ವೋಲ್ಟ್ ಎದುರು ಎಷ್ಟು ಆಂಪಿಯರ್ ಬರೆದಿದೆ ನೋಡಿ, ಬಹಳಷ್ಟರಲ್ಲಿ 2 ಇರುತ್ತದೆ. ಸಣ್ಣ ತಂತಿಯ ಕೇಬಲ್‌ನಲ್ಲಿ ಮತ್ತಷ್ಟು ಇಳಿಯುತ್ತದೆ. ಅದರ ಮೇಲೆ ನಿಮ್ಮ ಡಿಸ್ಕ್‌ಗೂ ಪೈಯಿಂದಲೇ ಕರೆಂಟು. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್‌ಗಳಿಗೆ ಸೇರಿ 1.2 ಆಂಪಿಯರ್ ಮಿತಿ. ಎರಡೂವರೆ ಇಂಚಿನ ಡಿಸ್ಕ್ ತಿರುಗಲು ಶುರುಮಾಡುವ ಕ್ಷಣದಲ್ಲಿ ಒಂದು ಆಂಪಿಯರ್ ಹತ್ತಿರ ಎಳೆಯಬಹುದು. ನಿದ್ದೆಯಿಂದ ಎದ್ದ ಡಿಸ್ಕ್ ಹೀಗೆ ಎಳೆದಾಗ ವೋಲ್ಟೇಜ್ ಕುಸಿದು, ಡಿಸ್ಕ್‌ನೊಳಗಿನ ಯುಎಸ್‌ಬಿ ಚಿಪ್ ರೀಸೆಟ್ ಆಗಿಬಿಡುತ್ತದೆ.

ಖಚಿತಪಡಿಸಿಕೊಳ್ಳುವುದು ಸುಲಭ. ಮುಂದಿನ ಸಲ ಸಂಗ್ರಹ ಮಾಯವಾದಾಗ ಪೈ ರೀಸ್ಟಾರ್ಟ್ ಮಾಡಬೇಡಿ, ಮಾಡಿದರೆ ಸಾಕ್ಷಿ ಅಳಿದುಹೋಗುತ್ತದೆ. ಟರ್ಮಿನಲ್‌ನಲ್ಲಿ ‘ವಿಸಿಜೆನ್‌ಸಿಎಂಡಿ’ ಆಜ್ಞೆಯನ್ನು ‘ಗೆಟ್ ಥ್ರಾಟಲ್ಡ್’ (ಎರಡು ಪದಗಳ ನಡುವೆ ಅಂಡರ್‌ಸ್ಕೋರ್) ಜೊತೆ ಕೊಡಿ. 0ಎಕ್ಸ್0 ಬಂದರೆ ವೋಲ್ಟೇಜ್ ಸರಿ ಇದೆ. 0ಎಕ್ಸ್50000 ಬಂದರೆ ಪೈ ಆನ್ ಆದಾಗಿನಿಂದ ಒಮ್ಮೆಯಾದರೂ ವೋಲ್ಟೇಜ್ 4.63ರ ಸುಮಾರಿಗೆ ಇಳಿದಿದೆ ಎಂದರ್ಥ. ಕೊನೆಯಲ್ಲಿ 5 ಇದ್ದರೆ, ಅಂದರೆ 0ಎಕ್ಸ್50005, ಈ ಕ್ಷಣದಲ್ಲೂ ಕಡಿಮೆಯೇ ಇದೆ. ಪೈಗೆಂದೇ ಮಾಡಿದ 15 ವ್ಯಾಟ್ ಅಡಾಪ್ಟರ್ ಮತ್ತು ಡಿಸ್ಕ್‌ಗೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್, ಇವೆರಡೂ ಬೇಕು. ಒಂದನ್ನಷ್ಟೇ ಕೊಂಡು ಉಳಿತಾಯ ಮಾಡಲು ಹೋಗಬೇಡಿ. ಹಬ್ ಕೊಳ್ಳುವಾಗ ಒಂದು ಎಚ್ಚರಿಕೆ: ಕಳಪೆ ಹಬ್‌ಗಳು ಪೈ ಕಡೆಗೇ ಕರೆಂಟು ಹಿಮ್ಮುಖವಾಗಿ ತಳ್ಳುತ್ತವೆ. ಪೈಯ ಅಡಾಪ್ಟರ್ ಕಿತ್ತಮೇಲೂ ಅದರ ಕೆಂಪು ದೀಪ ಉರಿಯುತ್ತಿದ್ದರೆ ಆ ಹಬ್ ವಾಪಸ್ ಕೊಡಿ.

ವೋಲ್ಟೇಜ್ ಸರಿಯಿದ್ದೂ ಡಿಸ್ಕ್ ಮಾಯವಾದರೆ ಕರ್ನಲ್ ಲಾಗ್ (ಪೈಯನ್ನು ನಡೆಸುವ ಲಿನಕ್ಸ್ ಬರೆದಿಡುವ ದಾಖಲೆ) ತೆರೆದು ‘ಯುಎಎಸ್’ ಎಂಬ ಪದದ ಜೊತೆಗೆ ರೀಸೆಟ್, ಅಬಾರ್ಟ್ ಎಂಬ ಸಾಲುಗಳಿವೆಯೇ ನೋಡಿ. ಯುಎಎಸ್ ಎಂದರೆ ಯುಎಸ್‌ಬಿ ಡಿಸ್ಕ್‌ಗಳ ಜೊತೆ ವೇಗವಾಗಿ ವ್ಯವಹರಿಸುವ ವಿಧಾನ. ಕೆಲವು ಡಿಸ್ಕ್‌ಗಳ ಚಿಪ್ ಅದನ್ನು ಅರೆಬರೆ ಕಲಿತಿರುತ್ತದೆ. ಬೂಟ್ ವಿಭಾಗದ ಸಿಎಂಡಿಲೈನ್ ಫೈಲ್‌ನಲ್ಲಿ ‘ಯುಎಸ್‌ಬಿ-ಸ್ಟೋರೇಜ್ ಕ್ವರ್ಕ್ಸ್’ ಆಯ್ಕೆಗೆ ನಿಮ್ಮ ಡಿಸ್ಕ್‌ನ ಗುರುತುಸಂಖ್ಯೆ ಕೊಟ್ಟು, ಕೊನೆಗೆ ‘ಯು’ ಅಕ್ಷರ ಹಾಕಿದರೆ ಆ ಡಿಸ್ಕ್‌ಗೆ ಯುಎಎಸ್ ನಿಲ್ಲುತ್ತದೆ. ಆ ಫೈಲ್‌ನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿರಬೇಕು. ಎರಡನೇ ಸಾಲಿಗೆ ಇಳಿಸಿದರೆ ಅದು ಲೆಕ್ಕಕ್ಕೇ ಬರುವುದಿಲ್ಲ.

ರೀಸೆಟ್ ಆದ ಡಿಸ್ಕ್ ಮರಳಿ ಬರುವಾಗ ಇನ್ನೊಂದು ಹೆಸರಿನಿಂದ ಬರುತ್ತದೆ, ಎಸ್‌ಡಿಎ ಇದ್ದದ್ದು ಎಸ್‌ಡಿಬಿ ಆಗುತ್ತದೆ. ಆದ್ದರಿಂದ ಮೌಂಟ್ ಮಾಡುವಾಗ, ಅಂದರೆ ಡಿಸ್ಕನ್ನು ಒಂದು ಫೋಲ್ಡರ್‌ಗೆ ಜೋಡಿಸುವಾಗ, ಹೆಸರಿನ ಬದಲು ಯುಯುಐಡಿ ಎಂಬ ಬದಲಾಗದ ಗುರುತು ಬಳಸಿ. ಇದಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ. ಡಿಸ್ಕ್ ಇಲ್ಲದಾಗ ಅದನ್ನು ಮೌಂಟ್ ಮಾಡುವ ಫೋಲ್ಡರ್ ಖಾಲಿ ಕಾಣುತ್ತದೆ. ಆಗ ಸ್ಕ್ಯಾನ್ ಓಡಿದರೆ ಲಿರಿಯನ್ 1.4 ಲಕ್ಷ ಹಾಡುಗಳೂ ಅಳಿಸಿಹೋಗಿವೆ ಎಂದು ತಿಳಿದು ಡೇಟಾಬೇಸ್‌ನಿಂದ ತೆಗೆಯುತ್ತದೆ, ಮತ್ತೆ ರಾತ್ರಿಯಿಡೀ ಸ್ಕ್ಯಾನ್. ಅದೇ ಹೊತ್ತಿಗೆ ನೀವು ಹೊಸ ಆಲ್ಬಂ ಕಾಪಿ ಮಾಡಿದರೆ ಅದು ಹೋಗಿ ಎಸ್‌ಡಿ ಕಾರ್ಡ್ ತುಂಬುತ್ತದೆ. ಡಿಸ್ಕ್ ಕಳಚಿಟ್ಟು, ಆ ಖಾಲಿ ಫೋಲ್ಡರ್‌ನ ಬರೆಯುವ ಅನುಮತಿಯನ್ನು ಒಮ್ಮೆ ತೆಗೆದುಹಾಕಿ. ಕಾಪಿಯ ತೊಂದರೆ ಅಲ್ಲಿಗೆ ಮುಗಿಯುತ್ತದೆ.

ಪೋರ್ಟಬಲ್ ಡಿಸ್ಕ್‌ಗಳು ಸಾಮಾನ್ಯವಾಗಿ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಬರುತ್ತವೆ. ಕರೆಂಟು ಹೋಗಿ ಸರಿಯಾಗಿ ಮುಚ್ಚದ ಎನ್‌ಟಿಎಫ್‌ಎಸ್ ಡಿಸ್ಕನ್ನು ಲಿನಕ್ಸ್ ಓದಲು ಮಾತ್ರ ತೆರೆಯಬಹುದು, ಇಲ್ಲವೇ ತೆರೆಯಲೇ ನಿರಾಕರಿಸಬಹುದು. ಅದನ್ನು ವಿಂಡೋಸ್ ಯಂತ್ರಕ್ಕೆ ಹಾಕಿ ಚೆಕ್‌ಡಿಸ್ಕ್ ಓಡಿಸಿಯೇ ತರಬೇಕು. ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಬದಲಾವಣೆಗಳ ಮುಂಗಡ ದಾಖಲೆ) ಇಲ್ಲ, ಬರೆಯುತ್ತಿರುವಾಗ ಕರೆಂಟು ಹೋದರೆ ಫೋಲ್ಡರ್ ಪಟ್ಟಿಯೇ ಹಾಳಾಗಬಹುದು. ಪೈಗೆಂದೇ ಮೀಸಲಾದ ಡಿಸ್ಕ್ ಲಿನಕ್ಸ್‌ನದೇ ಆದ ಎಕ್ಸ್ಟ್4 ಆಗಿರಲಿ. ಪೈ ಮತ್ತು ರೂಟರ್ ಎರಡನ್ನೂ ಒಂದು ಸಣ್ಣ ಯುಪಿಎಸ್‌ಗೆ ಹಾಕುವುದು ನಮ್ಮ ಊರುಗಳ ಕರೆಂಟಿಗೆ ಶೋಕಿಯಲ್ಲ.

ಇಷ್ಟೆಲ್ಲ ಆದಮೇಲೆ, ಫೈಲ್ ಪರೀಕ್ಷೆಗೆ ಇಳಿಯುವ ಮೊದಲು, ಡಿಸ್ಕ್‌ನ ಆರೋಗ್ಯ ನೋಡಿ. ಸ್ಮಾರ್ಟ್‌ಸಿಟಿಎಲ್ ಕೊಡುವ ಪಟ್ಟಿಯಲ್ಲಿ 5, 197, 198 ಈ ಮೂರು ಸಾಲುಗಳ ಕೊನೆಯ ಅಂಕಣ ಸೊನ್ನೆ ಇರಬೇಕು. 197ರಲ್ಲಿ ಸಂಖ್ಯೆ ಇದ್ದರೆ ಡಿಸ್ಕ್ ಓದಲಾಗದ ಸೆಕ್ಟರ್‌ಗಳನ್ನು ಎದುರಿಸುತ್ತಿದೆ ಎಂದು ತಿಳಿಯಿರಿ. ಆಗ ಪರೀಕ್ಷೆ ಗಿರೀಕ್ಷೆ ಬಿಟ್ಟು, ಇನ್ನೊಂದು ಡಿಸ್ಕ್ ತಂದು ಡಿಡಿರೆಸ್ಕ್ಯೂನಿಂದ ನಕಲು ತೆಗೆಯಿರಿ. ನಿಮ್ಮ ಪತ್ರದಲ್ಲಿ ಎರಡನೇ ಪ್ರತಿಯ ಮಾತೇ ಇಲ್ಲ. ಎನ್‌ಎಎಸ್‌ಗೆ ಎತ್ತಿಟ್ಟ ಹಣದಲ್ಲಿ ಮೊದಲು ಬರಬೇಕಾದದ್ದು ಆ ಎರಡನೇ ಡಿಸ್ಕ್.

ಮಲಗುವ ಕೋಣೆ ಮತ್ತು 24 ಬಿಟ್

ಇಲ್ಲಿ ಎರಡು ಕಾರಣಗಳು ಒಂದರ ಮೇಲೊಂದು ಕೂತಿವೆ. ಪೈಯೂ ವೈಫೈ, ಪ್ಲೇಯರೂ ವೈಫೈ ಆದಾಗ ಒಂದೇ ಹಾಡು ಗಾಳಿಯಲ್ಲಿ ಎರಡು ಸಲ ಸಾಗುತ್ತದೆ: ಪೈಯಿಂದ ರೂಟರ್‌ಗೆ, ರೂಟರ್‌ನಿಂದ ಕೋಣೆಗೆ. ಮೂರು ಕೋಣೆಗೆ ಆರು ಸಲ. ಎರಡನೆಯದು ಹಲವರಿಗೆ ಗೊತ್ತಿಲ್ಲದ್ದು. ಯುಎಸ್‌ಬಿ 3 ಕೇಬಲ್ ಮತ್ತು ಡಿಸ್ಕ್‌ಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿತ್ತು. ನಿಮ್ಮ ಡಿಸ್ಕ್ ಇರುವುದು ಪೈಯ ಆಂಟೆನಾದ ಪಕ್ಕದಲ್ಲೇ. ಡಿಸ್ಕ್ ಓದಿದಷ್ಟೂ ವೈಫೈ ಕುಂಟುತ್ತದೆ, 24 ಬಿಟ್ ಫೈಲ್‌ಗೆ ಡಿಸ್ಕ್ ಹೆಚ್ಚು ಓದಬೇಕು.

ಪೈಯಿಂದ ರೂಟರ್‌ಗೆ ಒಂದು ಈಥರ್ನೆಟ್ ಕೇಬಲ್ ಎಳೆದರೆ ಈ ಎರಡೂ ಬಗೆಹರಿಯುತ್ತವೆ. ಇಡೀ ಉತ್ತರದಲ್ಲಿ ಅತಿ ಅಗ್ಗದ, ಅತಿ ಫಲದಾಯಕ ರಿಪೇರಿ ಇದೇ. ಕೇಬಲ್ ಎಳೆಯಲಾಗದ ಮನೆಯಾದರೆ ಪೈಯನ್ನು 5 ಗಿಗಾಹರ್ಟ್ಸ್‌ಗೆ ಹಾಕಿ, ಡಿಸ್ಕನ್ನು ನೀಲಿ ಪೋರ್ಟ್‌ನಿಂದ ತೆಗೆದು ಕಪ್ಪು ಪೋರ್ಟ್‌ಗೆ ಸಿಕ್ಕಿಸಿ. ಕಪ್ಪು ಎಂದರೆ ಯುಎಸ್‌ಬಿ 2. ಅದು ಕೊಡುವ ಸೆಕೆಂಡಿಗೆ ಮೂವತ್ತು ಮೆಗಾಬೈಟ್ ಸಂಗೀತಕ್ಕೆ ಧಾರಾಳವಾಯಿತು. ಪೂರ್ತಿ ಸ್ಕ್ಯಾನ್ ಮತ್ತು ಕಾಪಿ ಮಾತ್ರ ನಿಧಾನವಾಗುತ್ತವೆ.

ಆಮೇಲೂ ಮಲಗುವ ಕೋಣೆ ತಡವರಿಸಿದರೆ, ರೂಟರ್‌ನಿಂದ ಆ ಪ್ಲೇಯರ್‌ನ ದಾರಿ ಅಳೆಯಿರಿ. ಹಾಡು ಓಡುತ್ತಿರುವಾಗಲೇ ಪೈಯಿಂದ ಆ ಪ್ಲೇಯರ್‌ಗೆ ಹತ್ತು ನಿಮಿಷ ಪಿಂಗ್ (ಹೋಗಿ ಬರುವ ಪುಟ್ಟ ಸಂದೇಶಗಳು) ಬಿಡಿ. ಒಂದೂ ಕಳೆದುಹೋಗಬಾರದು, ನೂರು ಮಿಲಿಸೆಕೆಂಡು ದಾಟುವುದು ಅಪರೂಪವಾಗಿರಬೇಕು. ನಿಯಮಿತವಾಗಿ ನೂರು, ಇನ್ನೂರು ಮಿಲಿಸೆಕೆಂಡಿಗೆ ಜಿಗಿಯುತ್ತಿದ್ದರೆ ಪ್ಲೇಯರ್‌ನ ವೈಫೈ ಪವರ್ ಸೇವ್ ಆಫ್ ಮಾಡಿ. ಬೇಕಾಬಿಟ್ಟಿ ಜಿಗಿಯುತ್ತಿದ್ದರೆ ಪಕ್ಕದ ಮನೆಗಳ ರೂಟರ್ ಗಲಾಟೆ ಇರಬಹುದು. 2.4ರಲ್ಲಿ 1, 6, 11 ಈ ಮೂರು ಚಾನೆಲ್‌ಗಳಲ್ಲಿ ಖಾಲಿ ಇರುವುದಕ್ಕೆ ಹೋಗಿ. ನಡುವಿನ 3, 4, 8 ಹಾಕಿದರೆ ಎರಡು ಕಡೆಯ ಗಲಾಟೆಯೂ ನಿಮಗೇ.

ಸಿಡಿ ಫೈಲ್ ಚೆನ್ನಾಗಿದ್ದು 24 ಬಿಟ್ ಮಾತ್ರ ಯಾಕೆ ತುಂಡಾಗುತ್ತದೆ ಎಂಬುದಕ್ಕೆ ಬಫರ್‌ನ, ಅಂದರೆ ಹಾಡನ್ನು ಮುಂಗಡವಾಗಿ ತುಂಬಿಡುವ ಮೆಮೊರಿಯ, ಲೆಕ್ಕ ಉತ್ತರ ಕೊಡುತ್ತದೆ. ಸ್ಕ್ವೀಝ್‌ಲೈಟ್‌ಗೆ ಎರಡು ಬಫರ್: ಬಂದ ಫೈಲ್ ತುಂಬಿಕೊಳ್ಳುವುದು 2,048 ಕಿಲೋಬೈಟ್, ಬಿಡಿಸಿದ ಧ್ವನಿ ಇಡುವುದು 3,445 ಕಿಲೋಬೈಟ್. ಎರಡನೆಯದು 44.1 ಕಿಲೋಹರ್ಟ್ಸ್‌ನಲ್ಲಿ ಹತ್ತು ಸೆಕೆಂಡಿಗೆ ಸಾಕು, 192ರಲ್ಲಿ ಎರಡೂಕಾಲು ಸೆಕೆಂಡಿಗೆ ಖಾಲಿ. ಮೊದಲನೆಯದು ಸಿಡಿ ಫ್ಲ್ಯಾಕ್‌ಗೆ ಹದಿನೆಂಟು ಸೆಕೆಂಡಿನಷ್ಟು, 24 ಬಿಟ್ 192ಕ್ಕೆ ಮೂರು ಸೆಕೆಂಡಿನಷ್ಟು. ಅಂದರೆ ವೈಫೈ ಎಂಟು ಸೆಕೆಂಡು ಕೈಕೊಟ್ಟರೆ ಸಿಡಿ ಹಾಡು ಕೇಳುವವರಿಗೆ ಗೊತ್ತೇ ಆಗುವುದಿಲ್ಲ, 24 ಬಿಟ್ ಕೇಳುವವರಿಗೆ ಹಾಡು ನಿಂತಿರುತ್ತದೆ. ‘ಬಿ’ ಆಯ್ಕೆಯಲ್ಲಿ ಎರಡನ್ನೂ 16,384 ಮಾಡಿ. ಒಟ್ಟು 32 ಮೆಗಾಬೈಟ್ ಮೆಮೊರಿ, 512 ಎಂಬಿಯ ಪೈ ಝೀರೋಗೂ ಅದು ಹೊರೆಯಲ್ಲ. ಬಹಳ ಜನ ಇದರ ಬದಲು ಆಲ್ಸಾ ಬಫರ್ ಹೆಚ್ಚಿಸಿ ಪ್ರಯೋಜನವಾಗಲಿಲ್ಲ ಎನ್ನುತ್ತಾರೆ. ಅದು ಸೌಂಡ್ ಕಾರ್ಡ್‌ಗೆ ಸಂಬಂಧಿಸಿದ್ದು, ಮಿಲಿಸೆಕೆಂಡುಗಳ ಲೆಕ್ಕದ್ದು. ಒಂದು ಮಾತು: ಬಫರ್ ಆಗಾಗಿನ ತಡೆಯನ್ನು ಮುಚ್ಚುತ್ತದೆ, ಸದಾ ದುರ್ಬಲವಾದ ವೈಫೈಯನ್ನು ಬಲಪಡಿಸುವುದಿಲ್ಲ.

ಬೆಳಗಿನ ಹತ್ತು ಸೆಕೆಂಡು

ಇದು ರೋಗವಲ್ಲ. ಡಿಸ್ಕ್ ನಿದ್ದೆಯಿಂದ ಎದ್ದು ಪೂರ್ತಿ ವೇಗಕ್ಕೆ ಬರಲು ಅಷ್ಟು ಹೊತ್ತು ಬೇಕು. ಸಹಿಸಿಕೊಳ್ಳುವುದಾದರೆ ಹಾಗೇ ಬಿಡಿ. ಬೇಡವೆಂದರೆ ಎಚ್‌ಡಿಪಾರ್ಮ್ ಆಜ್ಞೆಯ ದೊಡ್ಡಕ್ಷರದ ‘ಎಸ್’ ಆಯ್ಕೆಗೆ ಸೊನ್ನೆ ಕೊಟ್ಟರೆ ನಿದ್ದೆ ನಿಲ್ಲುತ್ತದೆ. 1ರಿಂದ 240ರವರೆಗಿನ ಸಂಖ್ಯೆ ಕೊಟ್ಟರೆ ಒಂದೊಂದಕ್ಕೂ ಐದು ಸೆಕೆಂಡು, ಅಂದರೆ 240 ಎಂದರೆ 20 ನಿಮಿಷ. ಕೆಲವು ಪೋರ್ಟಬಲ್ ಡಿಸ್ಕ್‌ಗಳು ಈ ಆಜ್ಞೆಗೆ ಸೊಪ್ಪು ಹಾಕುವುದಿಲ್ಲ. ಆಗ ಐದೈದು ನಿಮಿಷಕ್ಕೊಮ್ಮೆ ಡಿಸ್ಕ್‌ಗೆ ಒಂದು ಪುಟ್ಟ ಫೈಲ್ ಬರೆದು, ಸಿಂಕ್ ಆಜ್ಞೆಯಿಂದ ಅದನ್ನು ಕೂಡಲೇ ಡಿಸ್ಕ್‌ಗೆ ಇಳಿಸುವ ಕ್ರಾನ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ) ಕೆಲಸ ಹಾಕಿ. ಬರೆಯುವ ಬದಲು ಅದೇ ಫೈಲನ್ನು ಓದಿಸುತ್ತಾ ಹೋದರೆ ಉಪಯೋಗವಿಲ್ಲ. ಲಿನಕ್ಸ್ ಅದನ್ನು ಮೆಮೊರಿಯಿಂದಲೇ ಎತ್ತಿಕೊಡುತ್ತದೆ, ಡಿಸ್ಕ್ ನೆಮ್ಮದಿಯಾಗಿ ಮಲಗಿರುತ್ತದೆ.

ಅರ್ಧಕ್ಕೇ ಹಾರುವ ಹಾಡುಗಳು

ನಿಮ್ಮ ಚೀಟಿಯಲ್ಲಿ ಅದೇ ಹಾಡು ಅದೇ ಸೆಕೆಂಡು ಎಂದು ಬರೆದಿದ್ದರೆ ಫೈಲ್ ಕೆಟ್ಟಿದೆ. ಫ್ಲ್ಯಾಕ್‌ನ ದೊಡ್ಡ ಉಪಕಾರವೆಂದರೆ ಅದು ತನ್ನ ಆರೋಗ್ಯವನ್ನು ತಾನೇ ಹೇಳಬಲ್ಲದು. ಒಳಗಿನ ಪ್ರತಿ ಫ್ರೇಮ್‌ಗೂ, ಅಂದರೆ ಧ್ವನಿಯ ಸಣ್ಣ ತುಂಡಿಗೂ, ಸಿಆರ್‌ಸಿ ಎಂಬ ತಾಳೆ ಸಂಖ್ಯೆ ಇದೆ, ಫೈಲ್‌ನ ತಲೆಯಲ್ಲಿ ಇಡೀ ಧ್ವನಿಯ ಎಂಡಿ5 ಗುರುತು ಇದೆ. ವಿಂಡೋಸ್‌ನಲ್ಲಾದರೆ ಫೂಬಾರ್2000 ಪ್ಲೇಯರ್‌ಗೆ ಫೈಲ್ ಇಂಟೆಗ್ರಿಟಿ ವೆರಿಫೈಯರ್ ಸೇರಿಸಿ ಫೋಲ್ಡರ್ ಕೊಟ್ಟರೆ ಸಾಕು. ಪೈಯಲ್ಲೇ ಆದರೆ ಫ್ಲ್ಯಾಕ್ ಆಜ್ಞೆಗೆ ಸಣ್ಣಕ್ಷರದ ‘ಟಿ’ ಮತ್ತು ‘ಎಸ್’ ಆಯ್ಕೆ ಕೊಟ್ಟು, ಫೈಂಡ್ ಮೂಲಕ ಒಂದೊಂದೇ ಫೈಲ್ ದಾಟಿಸಿ. ‘ಎಸ್’ ಇದ್ದರೆ ಸರಿ ಇರುವ ಫೈಲ್‌ಗಳ ಬಗ್ಗೆ ಅದು ಸುಮ್ಮನಿರುತ್ತದೆ, ದೋಷಗಳಷ್ಟೇ ಪಟ್ಟಿಗೆ ಬರುತ್ತವೆ. ಎಷ್ಟು ಹೊತ್ತು? 4.2 ಟಿಬಿಯನ್ನು ಸೆಕೆಂಡಿಗೆ ನೂರು ಮೆಗಾಬೈಟ್‌ನಂತೆ ಬರೀ ಓದಲೇ ಹನ್ನೊಂದೂಮುಕ್ಕಾಲು ತಾಸು. ಬಿಡಿಸುವ ಕೆಲಸವೂ ಸೇರುವುದರಿಂದ ಇನ್ನೂ ಹೆಚ್ಚು. ಒಂದೇ ಸಲಕ್ಕೆ ಬೇಡ, ಫೋಲ್ಡರ್‌ಗಳನ್ನು ಏಳು ಪಾಲು ಮಾಡಿ ವಾರವಿಡೀ ರಾತ್ರಿ ಹೊತ್ತು ಓಡಿಸಿ.

ಬಂದ ಪಟ್ಟಿಯನ್ನು ಓದುವಾಗ ಎರಡನ್ನು ಬೇರ್ಪಡಿಸಿ. ಎಂಡಿ5 ಗುರುತೇ ಇಲ್ಲ ಎಂಬ ಎಚ್ಚರಿಕೆ ನಿರುಪದ್ರವಿ, ಕೆಲವು ಪರಿವರ್ತಕ ತಂತ್ರಾಂಶಗಳು ಅದನ್ನು ಬರೆಯುವುದೇ ಇಲ್ಲ. ಸಿಆರ್‌ಸಿ ತಪ್ಪು, ಸಿಂಕ್ ತಪ್ಪಿತು, ಫೈಲ್ ಮೊಟಕಾಗಿದೆ ಎಂಬವು ನಿಜವಾದ ಹಾನಿ. ಒಂದೇ ಆಲ್ಬಂನ ಹಲವು ಹಾಡು ಕೆಟ್ಟಿದ್ದರೆ ಕಾಪಿ ಮಾಡುವಾಗ ಹಾಳಾಗಿರಬಹುದು. ಅಲ್ಲೊಂದು ಇಲ್ಲೊಂದು ಕೆಟ್ಟಿದ್ದರೆ, ಕಾಪಿ ಮಾಡಿದ ಕಂಪ್ಯೂಟರಿನ ಮೆಮೊರಿಯನ್ನು ಮೆಮ್‌ಟೆಸ್ಟ್‌ನಿಂದ ಒಂದು ರಾತ್ರಿ ಪರೀಕ್ಷಿಸಿ. ಇಲ್ಲದಿದ್ದರೆ ರಿಪೇರಿಯಾದ ಫೈಲ್‌ಗಳನ್ನೂ ಅದೇ ಯಂತ್ರ ಮತ್ತೆ ಕೆಡಿಸುತ್ತದೆ. ಕೆಟ್ಟದ್ದಕ್ಕೆ ಒಳ್ಳೆಯ ಮದ್ದು ಸಿಡಿಯನ್ನು ಮತ್ತೆ ತೆಗೆಯುವುದು. ಸಿಡಿ ಈಗ ಇಲ್ಲ, ಆದರೆ ಆಲ್ಬಂ ಪೂರ್ತಿಯಾಗಿ ಇದೆ ಎಂದಾದರೆ ಕ್ಯೂಟೂಲ್ಸ್ ಪ್ರಯತ್ನಿಸಿ. ಆ ಸಿಡಿ ಅದರ ಡೇಟಾಬೇಸ್‌ನಲ್ಲಿದ್ದರೆ ಸಣ್ಣ ಹಾನಿಯನ್ನು ಅದು ಸರಿಪಡಿಸಿಕೊಡುತ್ತದೆ.

ಎಂಪಿ3ಗಳಿಗೆ ಇಂಥ ಭದ್ರ ಗುರುತಿಲ್ಲ. ಅವು ಹಾರುವುದಕ್ಕೆ ಮುಖ್ಯ ಕಾರಣ ವಿಬಿಆರ್ ಹೆಡರ್ (ಏರಿಳಿಯುವ ಬಿಟ್‌ರೇಟ್‌ನ ಹಾಡಿನ ಉದ್ದ ತಿಳಿಸುವ ತಲೆಬರಹ) ಇಲ್ಲದಿರುವುದು ಅಥವಾ ತಪ್ಪಾಗಿರುವುದು. ಐದು ನಿಮಿಷದ ಹಾಡಿಗೆ ಎರಡು ನಿಮಿಷ ಅಥವಾ ಹನ್ನೆರಡು ನಿಮಿಷ ಎಂದು ತೋರಿಸುತ್ತಿದ್ದರೆ ಇದೇ. ಫೂಬಾರ್2000ರಲ್ಲಿ ಹಾಡಿನ ಮೇಲೆ ಬಲ ಕ್ಲಿಕ್ ಮಾಡಿ ಯುಟಿಲಿಟೀಸ್‌ನೊಳಗೆ ವಿಬಿಆರ್ ಹೆಡರ್ ಸರಿಪಡಿಸುವ ಮತ್ತು ಎಂಪಿ3 ಸ್ಟ್ರೀಮ್ ಮರುಕಟ್ಟುವ ಆಯ್ಕೆಗಳಿವೆ. ಧ್ವನಿಯನ್ನು ಮತ್ತೆ ಎನ್‌ಕೋಡ್ ಮಾಡುವುದಿಲ್ಲ, ಗುಣಮಟ್ಟ ಹೋಗುವ ಭಯವಿಲ್ಲ. ಇದಕ್ಕೂ ಮೊದಲು 100 ಕಿಲೋಬೈಟ್‌ಗಿಂತ ಚಿಕ್ಕ ಹಾಡುಗಳನ್ನು ಹುಡುಕಿ ನೋಡಿ. ಸೊನ್ನೆ ಬೈಟ್‌ನವು, ಎಂಪಿ3 ಎಂದು ಹೆಸರಿಟ್ಟುಕೊಂಡ ವೆಬ್ ಪುಟಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಸ್ಕ್ಯಾನ್

ಹೊಸ ಆಲ್ಬಂ ಒಂದಕ್ಕೆ ರಾತ್ರಿಯಿಡೀ ಆಗುತ್ತಿದ್ದರೆ ನೀವು ಬಹುಶಃ ಎಲ್ಲ ಅಳಿಸಿ ಮೊದಲಿಂದ ಸ್ಕ್ಯಾನ್ ಮಾಡುವ ಆಯ್ಕೆ ಒತ್ತುತ್ತಿದ್ದೀರಿ. ಅದು ವರ್ಷಕ್ಕೊಮ್ಮೆ ಬೇಕಾದರೆ ಹೆಚ್ಚು. ಹೊಸ ಮತ್ತು ಬದಲಾದ ಫೈಲ್‌ಗಳನ್ನಷ್ಟೇ ನೋಡುವ ಆಯ್ಕೆ ಸಾಕು. ಲಿರಿಯನ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಡೇಟಾಬೇಸ್ ಮೆಮೊರಿಯನ್ನು ಹೈಗೆ ಏರಿಸಿ, ನಿಮ್ಮ ಪೈ 4 ಜಿಬಿ ಮೆಮೊರಿಯದಾದರೆ ಅದು ಭಾರವಲ್ಲ. ಸ್ಕ್ಯಾನರ್‌ನ ಆದ್ಯತೆಯನ್ನು ಅಲ್ಲೇ ತಗ್ಗಿಸಿದರೆ ಸ್ಕ್ಯಾನ್ ನಡೆಯುವಾಗಲೂ ಹಾಡು ಹಾಡುತ್ತದೆ. ಡೇಟಾಬೇಸ್ ಎಸ್‌ಡಿ ಕಾರ್ಡ್‌ನಲ್ಲಿರುವುದು ಇನ್ನೊಂದು ಅಡ್ಡಿ. ಸಾವಿರಾರು ಚಿಲ್ಲರೆ ಬರವಣಿಗೆಗೆ ಕಾರ್ಡ್ ಹೇಳಿ ಮಾಡಿಸಿದ್ದಲ್ಲ. 120 ಜಿಬಿಯ ಸಣ್ಣ ಎಸ್‌ಎಸ್‌ಡಿಗೆ ಡೇಟಾಬೇಸ್ ಇರುವ ಕ್ಯಾಷ್ ಫೋಲ್ಡರ್ ಸ್ಥಳಾಂತರಿಸಿ, ಅದಕ್ಕೂ ಕರೆಂಟು ಹಬ್‌ನಿಂದಲೇ.

ಕವರ್ ಚಿತ್ರಗಳನ್ನು ಮರೆಯಬೇಡಿ. ಪ್ರತಿ ಹಾಡಿನೊಳಗೂ 3 ಮೆಗಾಬೈಟ್‌ನ ಚಿತ್ರ ಹುದುಗಿಸಿದ್ದರೆ 1,40,000 ಹಾಡಿಗೆ 420 ಜಿಬಿ ಬರೀ ಚಿತ್ರಗಳೇ. ಪ್ಲೇಯರ್ ಕೂಡ ಧ್ವನಿ ತಲುಪುವ ಮೊದಲು ಆ ಚಿತ್ರವನ್ನು ದಾಟಿ ಬರಬೇಕು. 2,048 ಕಿಲೋಬೈಟ್‌ನ ಬಫರ್ ಬರೀ ಚಿತ್ರದಿಂದಲೇ ತುಂಬಿ ಖಾಲಿಯಾಗಬೇಕಾಗುತ್ತದೆ. 1,000 ಪಿಕ್ಸೆಲ್ ಚೌಕದ ಜೆಪೆಗ್, 200ರಿಂದ 300 ಕಿಲೋಬೈಟ್, ಅದೂ ಫೋಲ್ಡರ್‌ಗೆ ಒಂದೇ ಇದ್ದರೆ ಚೆನ್ನ. ಹಾಗೆಂದು 1.4 ಲಕ್ಷ ಫೈಲ್‌ಗಳ ಚಿತ್ರವನ್ನು ಒಂದೇ ದಿನ ಕೀಳಲು ಹೋಗಬೇಡಿ. 5 ಟಿಬಿಯ ಎರಡೂವರೆ ಇಂಚಿನ ಡಿಸ್ಕ್‌ಗಳು ಸಾಮಾನ್ಯವಾಗಿ ಎಸ್‌ಎಂಆರ್, ಅಂದರೆ ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೊಂದು ಪಟ್ಟಿ ಬರೆಯುವಂಥವು. ಓದಲು ತೊಂದರೆಯಿಲ್ಲ, ತುಂಬಿದ ಡಿಸ್ಕ್‌ನಲ್ಲಿ ತಿದ್ದಿ ಬರೆಯುವಾಗ ತೆವಳುತ್ತವೆ. ಅಂಥ ಕೆಲಸ ನಡೆಯುವಾಗ ಹಾಡು ಕೇಳಿದರೆ ತಡವರಿಸುವುದು ಖಂಡಿತ.

ಫೋಲ್ಡರ್‌ಗೆ ಹಾಕಿದ ಹಾಡು ತಾನಾಗಿ ಪಟ್ಟಿಗೆ ಬರುವಂತೆ ಮಾಡುವ ಸೌಲಭ್ಯ ಬಳಸುವವರು ಗಮನಿಸಬೇಕಾದ್ದು: ಲಿನಕ್ಸ್ ಪ್ರತಿ ಫೋಲ್ಡರ್‌ಗೂ ಒಂದು ಕಾವಲು ಇಡುತ್ತದೆ, ಹಳೆಯ ಕರ್ನಲ್‌ಗಳಲ್ಲಿ ಅದರ ಮಿತಿ 8,192. ಹತ್ತು ಹನ್ನೆರಡು ಸಾವಿರ ಆಲ್ಬಂ ಇದ್ದರೆ ಉಳಿದ ಫೋಲ್ಡರ್‌ಗಳ ಬದಲಾವಣೆ ಯಾರ ಗಮನಕ್ಕೂ ಬರುವುದಿಲ್ಲ. ಐನೋಟಿಫೈ ಎಂಬ ಈ ಕಾವಲಿನ ಮಿತಿಯನ್ನು 5,24,288ಕ್ಕೆ ಏರಿಸಬಹುದು. ಇನ್ನು ಇಡೀ ಸಂಗ್ರಹವನ್ನೇ ಷಫಲ್‌ಗೆ ಹಾಕುವ ಅಭ್ಯಾಸವಿದ್ದರೆ ಬಿಡಿ. 1.4 ಲಕ್ಷ ಸಾಲಿನ ಸರದಿ ಯಾವ ಫೋನ್ ಆ್ಯಪನ್ನೂ ಉಸಿರುಕಟ್ಟಿಸುತ್ತದೆ. ರ್‍ಯಾಂಡಮ್ ಮಿಕ್ಸ್ ಒಂದಷ್ಟೇ ಹಾಡು ಮುಂದಿಟ್ಟುಕೊಂಡು ಅದೇ ಕೆಲಸ ಮಾಡುತ್ತದೆ.

ಕನ್ನಡ ಹೆಸರುಗಳು

ಪ್ಲೇಲಿಸ್ಟ್ ಫೈಲನ್ನು ಎಡಿಟರ್‌ನಲ್ಲಿ ತೆರೆಯಿರಿ. ಸಾಲುಗಳು ‘ವಾಲ್ಯೂಮ್ಸ್’ ಎಂಬ ಮ್ಯಾಕ್ ವಿಳಾಸದಿಂದ ಶುರುವಾಗಿದ್ದರೆ ಆ ಭಾಗವನ್ನು ಪೈಯ ವಿಳಾಸಕ್ಕೆ ಬದಲಿಸಬೇಕು. ಆದರೆ ನೀವು ಅರ್ಧಕ್ಕರ್ಧ ಹಾಡು ಬರುತ್ತಿಲ್ಲ ಎಂದಿದ್ದೀರಿ. ವಿಳಾಸ ತಪ್ಪಿದ್ದರೆ ಒಂದೂ ಬರುತ್ತಿರಲಿಲ್ಲ. ಹಾಗಾಗಿ ಅನುಮಾನ ಅಕ್ಷರಗಳ ಮೇಲೆ.

ಯೂನಿಕೋಡ್‌ನಲ್ಲಿ ಕನ್ನಡದ ಐದು ಸ್ವರಚಿಹ್ನೆಗಳನ್ನು ಎರಡು ಬಗೆಯಲ್ಲಿ ಬರೆಯಬಹುದು: ೀ, ೇ, ೈ, ೊ, ೋ. ‘ವೀಣೆ’ಯ ದೀರ್ಘ ಈಕಾರ ಒಂದೇ ಸಂಕೇತವಾಗಿರಬಹುದು, ಇಲ್ಲವೇ ಗುಡಿಸು ಮತ್ತು ದೀರ್ಘದ ಗುರುತು ಬೇರೆ ಬೇರೆಯಾಗಿ ಎರಡು ಸಂಕೇತವಾಗಿರಬಹುದು. ‘ಗೋವಿಂದ’ದ ಓಕಾರ ಒಡೆದರೆ ಮೂರು ಸಂಕೇತ. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಫೈಲ್ ಹೆಸರುಗಳನ್ನು ಒಡೆದ ರೂಪದಲ್ಲೇ ಇಡುತ್ತಿತ್ತು, ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಟೈಪ್ ಮಾಡಿದ್ದು ಸಾಮಾನ್ಯವಾಗಿ ಕೂಡಿದ ರೂಪ. ಲಿನಕ್ಸ್‌ಗೆ ಹೆಸರೆಂದರೆ ಬೈಟ್‌ಗಳ ಸಾಲು ಅಷ್ಟೆ, ಬೈಟ್ ಬೇರೆಯಾದರೆ ಫೈಲ್ ಬೇರೆ. ಆದ್ದರಿಂದ ‘ಕರುನಾಡು’ ಹಾಡುತ್ತದೆ, ‘ವೀಣೆ’ ಸಿಗುವುದಿಲ್ಲ. ಬಾರದ ಹಾಡುಗಳ ಹೆಸರಿನಲ್ಲೆಲ್ಲ ಈ ಐದರಲ್ಲೊಂದು ಚಿಹ್ನೆ ಇದೆಯೇ ನೋಡಿ. ಇದ್ದರೆ ರೋಗ ಸಿಕ್ಕಿತು. ಕಾನ್ವ್‌ಎಂವಿ ಎಂಬ ಉಪಕರಣಕ್ಕೆ ಯುಟಿಎಫ್-8ರಿಂದ ಯುಟಿಎಫ್-8ಕ್ಕೆ, ಎನ್‌ಎಫ್‌ಸಿ (ಕೂಡಿದ) ರೂಪ ಎಂದು ಹೇಳಿ ಫೋಲ್ಡರ್ ಕೊಡಿ. ಅದು ಮೊದಲು ಏನೇನು ಬದಲಿಸುತ್ತೇನೆ ಎಂದು ತೋರಿಸುತ್ತದೆ ಅಷ್ಟೆ. ‘ನೋಟೆಸ್ಟ್’ ಆಯ್ಕೆ ಸೇರಿಸಿದಾಗಲೇ ನಿಜವಾಗಿ ಬದಲಾಯಿಸುವುದು. ಪ್ಲೇಲಿಸ್ಟ್‌ನ ಒಳಗಿನ ಸಾಲುಗಳನ್ನೂ ಯುಕಾನ್ವ್‌ನಿಂದ ಅದೇ ರೂಪಕ್ಕೆ ತಂದು, ಎಂ3ಯು8 ಎಂಬ ವಿಸ್ತರಣೆಯಿಂದ ಉಳಿಸಿ. ಬರೀ ಎಂ3ಯು ಆದರೆ ಕೆಲವು ತಂತ್ರಾಂಶಗಳು ಅದನ್ನು ಹಳೆಯ ಇಂಗ್ಲಿಷ್ ಸಂಕೇತದಲ್ಲಿ ಓದುತ್ತವೆ.

ಕನ್ನಡದಲ್ಲಿ ಉದ್ದ ಹೆಸರಿಡುವವರಿಗೆ ಇನ್ನೊಂದು ಗೋಡೆ ಅಡ್ಡ ಬರುತ್ತದೆ. ಎಕ್ಸ್ಟ್4ರಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್, ಹಾಗಾಗಿ ಸಿಗುವುದು 85 ಸಂಕೇತ. ‘ಲಕ್ಷ್ಮೀ’ ನೋಡಲು ಎರಡಕ್ಷರ, ಒಳಗೆ ಏಳು ಸಂಕೇತ, 21 ಬೈಟ್. ಎನ್‌ಟಿಎಫ್‌ಎಸ್ 255 ಸಂಕೇತಗಳನ್ನೇ ಕೊಡುತ್ತದೆ. ಆದ್ದರಿಂದ ಹಾಡು, ಚಿತ್ರ, ಗಾಯಕರು, ಸಾಹಿತಿ ಎಲ್ಲವನ್ನೂ ಹೆಸರಿಗೆ ತುರುಕಿದ ಫೈಲ್ ವಿಂಡೋಸ್‌ನಲ್ಲಿ ಚೆನ್ನಾಗಿದ್ದು ಎಕ್ಸ್ಟ್4 ಡಿಸ್ಕ್‌ಗೆ ಕಾಪಿಯಾಗದೆ ಉಳಿಯುತ್ತದೆ. ಡಿಸ್ಕ್ ಬದಲಿಸುವ ದಿನ ಕಾಪಿಯ ಕೊನೆಯಲ್ಲಿ ಬರುವ ದೋಷಪಟ್ಟಿಯನ್ನು ಓದದೆ ಹಳೆಯದನ್ನು ಅಳಿಸಬೇಡಿ.

ಟ್ಯಾಗ್‌ಗಳ ವಿಷಯ. ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ ಎಲ್ಲ ಕಲಸಿದಂತೆ ಕಾಣುವ ಹೆಸರುಗಳು ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದವು. ಫಾಂಟ್ ಬದಲಿಸಿದರೆ ಸರಿಹೋಗುವುದಿಲ್ಲ, ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿ ಮತ್ತೆ ಅಂಟಿಸಬೇಕು. ಎಂಪಿ3ಗಳಿಗೆ ಎಂಪಿ3ಟ್ಯಾಗ್‌ನಲ್ಲಿ ಐಡಿ3 ಆವೃತ್ತಿ 2.3, ಯುಟಿಎಫ್-16 ಆಯ್ದುಕೊಂಡು ಉಳಿಸಿ, ಹಳೆಯ ಪ್ಲೇಯರ್‌ಗಳೂ ಓದುತ್ತವೆ. ಒಬ್ಬರೇ ಗಾಯಕರು ಪಟ್ಟಿಯಲ್ಲಿ ಎರಡು ಕಡೆ ಕಂಡು, ಹೆಸರು ಎರಡರಲ್ಲೂ ತದ್ರೂಪು ಇದ್ದರೆ, ಕೊನೆಯ ಅರ್ಧಾಕ್ಷರದ ಬೆನ್ನಿಗೆ ಕಾಣದ ಶೂನ್ಯ ಅಗಲದ ಸಂಕೇತವೊಂದು ಅಂಟಿಕೊಂಡಿರಬಹುದು. ‘ಅಯ್ಯಂಗಾರ್’ನಂತೆ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರುಗಳಲ್ಲಿ ಇದು ಹೆಚ್ಚು. ಹೆಸರಿನ ಕೊನೆಯಲ್ಲಿ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿ. ಏನೂ ಅಳಿಸಿದಂತೆ ಕಾಣದಿದ್ದರೆ ಅಲ್ಲಿ ಅದು ಇತ್ತು. ಈಗ ಹೋಯಿತು, ಟ್ಯಾಗ್ ಉಳಿಸಿ.